ತೋಟದ ತಿಳಿವಳಿಕೆ ಹಂಚುವುದು ಹೇಗೆ? ಬೋರ್ಡೋ ಡ್ರಮ್ಮಿನಿಂದ ಮಳೆ ಪುಸ್ತಕದವರೆಗೆ

ಕಾಫಿಗೂ ಕಾಳುಮೆಣಸಿಗೂ ಬೆಲೆ ಬಂದ ಮೇಲೆ ಕೊಡಗಿನ ತೋಟಗಳಲ್ಲಿ ಹೊಸ ಮುಖಗಳು ಜಾಸ್ತಿ ಆಗಿವೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದವರು ಅಪ್ಪನ ತೋಟಕ್ಕೆ ವಾಪಸ್ ಬಂದಿದ್ದಾರೆ. ವರ್ಷಗಟ್ಟಲೆ ಲೀಸಿಗೆ ಕೊಟ್ಟಿದ್ದ ಜಾಗವನ್ನು ಈಗ ತಾವೇ ನೋಡಿಕೊಳ್ಳುತ್ತೇವೆ ಅಂತ ಹೊರಟವರಿದ್ದಾರೆ. ಹುಮ್ಮಸ್ಸಿಗೇನೂ ಕೊರತೆ ಇಲ್ಲ. ಮಳೆಗಾಲ ಹಿಡಿಯುವ ಮುಂಚೆ ಬಳ್ಳಿಗೆ ಏನು ಹೊಡೆಯಬೇಕು, ನೆರಳನ್ನು ಎಷ್ಟು ತೆಗೆಯಬೇಕು ಅಂತ ಕೇಳಿದರೆ ಮಾತ್ರ ಮೊಬೈಲ್ ತೆಗೆಯುತ್ತಾರೆ.

ಅದೇ ಊರಿನಲ್ಲಿ ಜೀವಮಾನವಿಡೀ ತೋಟ ಮಾಡಿದ ಹಿರಿಯರಿದ್ದಾರೆ. ಬಳ್ಳಿ ಕಟ್ಟುವುದರಲ್ಲಿ, ಚಿಗುರು ತೆಗೆಯುವುದರಲ್ಲಿ ಕೈ ಪಳಗಿದ ಹೆಂಗಸರಿದ್ದಾರೆ. ಹೇಳಿಕೊಡಲು ಇವರಿಗೇನೂ ಬೇಜಾರಿಲ್ಲ. "ಕೇಳಿದ್ರೆ ಹೇಳ್ತಿದ್ದೆ, ಯಾರೂ ಕೇಳಲ್ಲ" ಅನ್ನುತ್ತಾರೆ. ಇಬ್ಬರ ನಡುವೆ ಇರುವುದು ವಾಟ್ಸಾಪ್ ಗುಂಪು. ಬೆಳಗ್ಗೆ ಎದ್ದರೆ ಸಲಹೆಗಳ ರಾಶಿ. ಅದರಲ್ಲಿ ಕೆಲಸಕ್ಕೆ ಬರುವುದು ಎಷ್ಟು ಅನ್ನುವುದು ಬೇರೆ ಮಾತು.

ಗೊತ್ತಿರುವುದನ್ನು ದುಡ್ಡು ಕೇಳದೆ ಹೇಳಿಕೊಡುವುದು ಒಳ್ಳೆಯದು ಅಂತ ಎಲ್ಲರೂ ಒಪ್ಪುತ್ತಾರೆ. ಆದರೆ ಹೇಳಿಕೊಟ್ಟ ವಿಷಯ ಇನ್ನೊಬ್ಬರ ತೋಟದಲ್ಲಿ ನಿಜವಾಗಿ ಉಪಯೋಗಕ್ಕೆ ಬರಬೇಕಾದರೆ ಅದರ ಜೊತೆ ಏನೇನು ಹೋಗಬೇಕು? ಕಾನೂನು ಏನನ್ನುತ್ತದೆ? ಕೊಟ್ಟವರಿಗೆ ನಷ್ಟ ಇಲ್ಲವೇ? ಇಂಥ ಪ್ರಶ್ನೆಗಳನ್ನು ಬುಡದಿಂದ ನೋಡೋಣ.

ಏಣಿ ಕೊಟ್ಟರೆ ಏಣಿ ಹೋಯಿತು

ಮೆಣಸು ಕೊಯ್ಲಿನ ಸಮಯದಲ್ಲಿ ಪಕ್ಕದ ತೋಟದವರು ನಿಮ್ಮ ಬಿದಿರಿನ ಏಣಿ ಕೇಳಿಕೊಂಡು ಹೋದರು ಅನ್ನಿ. ಅದು ವಾಪಸ್ ಬರುವವರೆಗೆ ನಿಮ್ಮ ಕೊಯ್ಲು ನಿಂತಿತು. ಆದರೆ ಏಣಿಯನ್ನು ಮರಕ್ಕೆ ಎಷ್ಟು ಓರೆಯಾಗಿ ಇಡಬೇಕು, ಮೇಲೆ ಎಲ್ಲಿ ಕಟ್ಟಬೇಕು ಅಂತ ಅವರಿಗೆ ತೋರಿಸಿಕೊಟ್ಟರೆ? ನಿಮ್ಮ ಹತ್ತಿರ ಇದ್ದದ್ದು ನಿಮ್ಮ ಹತ್ತಿರವೇ ಉಳಿಯಿತು, ಅವರಿಗೂ ಸಿಕ್ಕಿತು. ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆಯಾಗದ ಇಂಥ ವಸ್ತುವನ್ನು ಅರ್ಥಶಾಸ್ತ್ರದವರು 'ನಾನ್-ರೈವಲ್' ಅನ್ನುತ್ತಾರೆ. ತಿಳಿವಳಿಕೆ ಈ ಜಾತಿಗೆ ಸೇರಿದ್ದು.

"ಎಲ್ಲರಿಗೂ ಹೇಳಿಕೊಟ್ಟರೆ ಎಲ್ಲರೂ ಬೆಳೀತಾರೆ, ರೇಟು ಬೀಳುತ್ತೆ" ಅನ್ನುವವರು ಇದ್ದಾರೆ. ತರಕಾರಿ ಸಂತೆಯಲ್ಲಿ ಇದು ಸ್ವಲ್ಪ ನಿಜ ಇರಬಹುದು. ಮೆಣಸು, ಕಾಫಿಯ ಬೆಲೆ ನಿಂತಿರುವುದು ಲೋಕದ ಮಾರುಕಟ್ಟೆಯ ಮೇಲೆ. ಜಗತ್ತಿನಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವುದು ವಿಯೆಟ್ನಾಂ. ಅಲ್ಲಿಯ ಫಸಲು ಏರಿಳಿದರೆ ಗೋಣಿಕೊಪ್ಪದ ರೇಟು ಅಲುಗಾಡುತ್ತದೆ. ಪಕ್ಕದ ಮನೆಯವರು ನಾಲ್ಕು ಚೀಲ ಜಾಸ್ತಿ ಮಾಡಿದರೆ ಏನೂ ಆಗುವುದಿಲ್ಲ.

ಹೇಳಿಕೊಡದೇ ಇದ್ದರೆ ಆಗುವ ನಷ್ಟ ಮಾತ್ರ ಕಣ್ಣಿಗೆ ಕಾಣುವಂಥದ್ದು. ಅರೇಬಿಕಾ ಗಿಡದ ಕಾಂಡ ಕೊರೆಯುವ ಹುಳುವನ್ನು, ನಮ್ಮ ತೋಟಗಳಲ್ಲಿ ಎಲ್ಲರೂ ಬೋರರ್ ಅನ್ನುವುದನ್ನು, ತೆಗೆದುಕೊಳ್ಳಿ. ಇದರ ದುಂಬಿ ಏಪ್ರಿಲ್-ಮೇಯಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಹಾರುತ್ತದೆ. ಕಾಂಡದ ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ನೀವು ನಿಮ್ಮ ತೋಟದ ಹುಳು ಹಿಡಿದ ಗಿಡಗಳನ್ನೆಲ್ಲ ಕಿತ್ತು ಸುಟ್ಟರೂ ಬೇಲಿಯಾಚೆಯವರು ಸುಮ್ನೆ ಬಿಟ್ಟಿದ್ದರೆ ದುಂಬಿ ಬೇಲಿ ನೋಡಿ ನಿಲ್ಲುತ್ತದಾ?

ಕಾಫಿ ಕಾಯಿ ಕೊರೆಯುವ ಹುಳುವಿನದೂ ಇದೇ ಕತೆ. ಭಾರತದಲ್ಲಿ ಅದು ಮೊದಲು ಕಾಣಿಸಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನ ಕಡೆ. ಆಮೇಲೆ ಕೊಡಗಿಗೂ ಬಂತು. ಕೊಯ್ಲಾದ ಮೇಲೆ ನೆಲದಲ್ಲಿ, ಗಿಡದಲ್ಲಿ ಉಳಿದ ಕಾಯಿಯೇ ಅದಕ್ಕೆ ಮುಂದಿನ ವರ್ಷದವರೆಗೆ ಮನೆ. ಉಳಿದ ಕಾಯಿಯನ್ನು ಹೆಕ್ಕಿ ತೆಗೆಯಬೇಕು ಅನ್ನುವುದು ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಸಾಲದು. ಇಂಥ ಕಡೆ ಹೇಳಿಕೊಡುವುದು ಬರೀ ದಾನ ಅಲ್ಲ, ಸ್ವಂತ ತೋಟದ ಕಾವಲು ಕೂಡ.

ಬಾಯಲ್ಲಿ ಹೇಳಬಹುದಾದದ್ದು, ಕೈಯಲ್ಲೇ ಇರುವುದು

ತಿಳಿವಳಿಕೆಯಲ್ಲಿ ಎರಡು ಬಗೆ. ಒಂದನ್ನು ಬರೆದು ಕಳಿಸಬಹುದು: ಇಷ್ಟು ಲೀಟರ್ ನೀರು, ಇಷ್ಟು ಕೆಜಿ ಸುಣ್ಣ, ಇಂಥ ತಿಂಗಳು. ಇನ್ನೊಂದು ಕಣ್ಣು-ಕೈಯಲ್ಲಿ ಇರುತ್ತದೆ. ಇರುವವರಿಗೇ ಅದು ಹೇಗೆ ಬಂತು ಅಂತ ಹೇಳಲು ಬರುವುದಿಲ್ಲ.

ಬೋರರ್ ಹುಡುಕುವುದು ಎರಡನೇ ಬಗೆ. ದುಂಬಿ ಹಾರುವ ಮೊದಲು, ಮಾರ್ಚ್‌ನಲ್ಲೂ ಸೆಪ್ಟೆಂಬರ್‌ನಲ್ಲೂ, ಸಾಲು ಸಾಲಾಗಿ ಗಿಡ ನೋಡಿಕೊಂಡು ಹೋಗುತ್ತಾರೆ. ಒಳಗೆ ಹುಳು ಇದ್ದರೆ ಕಾಂಡದ ಮೇಲೆ ಉಬ್ಬಿದ ಏಣು ಕಾಣುತ್ತದೆ. ಎಲೆ ಸ್ವಲ್ಪ ಹಳದಿಗೆ ತಿರುಗಿ ಬಾಡಿದ ಹಾಗಿರುತ್ತದೆ. ಇಷ್ಟು ಪುಸ್ತಕದಲ್ಲೂ ಇದೆ. ಓದಿದವರು ಸಾಲಿನಲ್ಲಿ ಹೋದರೆ ಎಲ್ಲಾ ಗಿಡದಲ್ಲೂ ಏಣು ಕಂಡಂತಾಗುತ್ತದೆ, ಇಲ್ಲದಿದ್ದರೆ ಒಂದರಲ್ಲೂ ಕಾಣುವುದಿಲ್ಲ. ಅನುಭವ ಇದ್ದವರು ನಡೆಯುತ್ತಲೇ ಕೆಳಗೆ ಬಗ್ಗಿ, ಹೆಬ್ಬೆರಳಿನಲ್ಲಿ ಕಾಂಡವನ್ನು ಒಮ್ಮೆ ಸವರಿ, "ಇದು ತೆಗೀರಿ" ಅಂದು ಮುಂದಕ್ಕೆ ಹೋಗಿಬಿಡುತ್ತಾರೆ. ಬಿಸಿಲು ಬೀಳುವ ಕಡೆಯ ಗಿಡಗಳ ಹತ್ತಿರ ಅವರ ನಡಿಗೆ ತಾನಾಗಿ ನಿಧಾನವಾಗುತ್ತದೆ. ದುಂಬಿಗೆ ಬಿಸಿಲಿನ ಕಾಂಡ ಇಷ್ಟ. ಅವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಕಾಲೇ ಹೇಳುತ್ತದೆ.

ನೆರಳು ತೆಗೆದರೆ ಬೋರರ್ ಹೆಚ್ಚುತ್ತದೆ ಅನ್ನುವುದು ಹೊಸ ವಿಷಯ ಅಲ್ಲ. ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಆದದ್ದು 1854ರಲ್ಲಿ. ಹತ್ತು-ಹನ್ನೆರಡು ವರ್ಷದಲ್ಲೇ ಬೋರರ್ ತೋಟಗಳನ್ನು ತಿಂದುಹಾಕಿತು. ಜಾರ್ಜ್ ಬೈಡಿ ಅನ್ನುವ ವೈದ್ಯರನ್ನು ಮದ್ರಾಸ್ ಸರ್ಕಾರ ತನಿಖೆಗೆ ಕಳಿಸಿತು. 1869ರಲ್ಲಿ ಅವರ ವರದಿ ಅಚ್ಚಾಯಿತು. ಅದರಲ್ಲಿದ್ದ ಮುಖ್ಯ ಸಲಹೆಗಳಲ್ಲಿ ಒಂದು, ಕಾಫಿಗೆ ನೆರಳು ಬೇಕು ಅಂತ. ವರದಿ ಬರೆದು 150 ವರ್ಷ ದಾಟಿದೆ. ಅರೇಬಿಕಾ ಬೆಳೆಯುವವರು ಇವತ್ತಿಗೂ ಮರ ಕಪಾತು ಮಾಡುವಾಗ ನೆರಳನ್ನು ಅಳೆದು ತೂಗಿಯೇ ತೆಗೆಯುತ್ತಾರೆ.

ಬರೆಯಬಹುದಾದದ್ದು ಹೀಗೆ ಶತಮಾನ ದಾಟುತ್ತದೆ. ಕೈಯಲ್ಲಿರುವುದು ಆ ಕೈ ನಿಂತಾಗ ನಿಲ್ಲುತ್ತದೆ. ಅದಕ್ಕೆ ಒಂದೇ ದಾರಿ, ಕಲಿಯುವವರು ಸಾಲಿನಲ್ಲಿ ಜೊತೆಗೆ ನಡೆಯುವುದು. ವಿಡಿಯೊ ಅರ್ಧ ದಾರಿಯವರೆಗೆ ಸಹಾಯ ಮಾಡುತ್ತದೆ. ಅದರಲ್ಲೂ ಮುಖ ತೋರಿಸಿ ಭಾಷಣ ಮಾಡುವ ವಿಡಿಯೊಗಿಂತ ಕೈ ಮಾತ್ರ ಕಾಣುವ, ಹುಳು ಇರುವ ಗಿಡ ಮತ್ತು ಇಲ್ಲದ ಗಿಡ ಎರಡನ್ನೂ ಪಕ್ಕಪಕ್ಕ ತೋರಿಸುವ ವಿಡಿಯೊ ಒಳ್ಳೆಯದು. ಇಲ್ಲದ ಗಿಡ ಹೇಗಿರುತ್ತದೆ ಅಂತ ತೋರಿಸುವವರು ತುಂಬಾ ಕಡಿಮೆ.

ಬೋರ್ಡೋ ಇಷ್ಟು ದೂರ ಬಂದದ್ದು ಯಾಕೆ?

ಊರಿಂದೂರಿಗೆ, ದೇಶದಿಂದ ದೇಶಕ್ಕೆ ಹೋದರೂ ಕೆಡದ ತಿಳಿವಳಿಕೆ ಹೇಗಿರುತ್ತದೆ ಅಂತ ನೋಡಬೇಕಾದರೆ ಮಳೆಗಾಲಕ್ಕೆ ಮುಂಚೆ ಯಾವುದಾದರೂ ಮೆಣಸಿನ ತೋಟಕ್ಕೆ ಹೋದರೆ ಸಾಕು. ನೀಲಿ ಡ್ರಮ್ಮು, ನೀಲಿ ಕೈ, ನೀಲಿ ಅಂಗಿ. ಬೋರ್ಡೋ, ಅಂದರೆ ಬಳ್ಳಿಗೆ ರೋಗ ಬಾರದಿರಲಿ ಅಂತ ಸಿಂಪಡಿಸುವ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ದ್ರಾವಣ, ಹೊಡೆಯುತ್ತಿರುತ್ತಾರೆ.

ಬೋರ್ಡೋ ಅನ್ನುವುದು ಫ್ರಾನ್ಸಿನ ಒಂದು ಊರು, ದ್ರಾಕ್ಷಿಗೆ ಹೆಸರಾದದ್ದು. ಅಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ಹೋಗುವವರು ಬರುವವರು ಕಿತ್ತು ತಿನ್ನುತ್ತಿದ್ದರು. ನೋಡಿದರೆ ವಿಷ ಅನ್ನಿಸಲಿ ಅಂತ ತೋಟದವರು ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. 1882ರಲ್ಲಿ ಮಿಲಾರ್ಡೆ ಅನ್ನುವ ಸಸ್ಯಶಾಸ್ತ್ರದ ಪ್ರೊಫೆಸರ್ ಆ ದಾರಿಯಲ್ಲಿ ಹೋಗುವಾಗ ಒಂದು ವಿಷಯ ಗಮನಿಸಿದರು. ಬೂಜು ರೋಗದಿಂದ ಒಳಗಿನ ಬಳ್ಳಿಗಳೆಲ್ಲ ಎಲೆ ಉದುರಿಸಿದ್ದವು. ರಸ್ತೆ ಬದಿಯವು ಮಾತ್ರ ಹಸಿರಾಗಿದ್ದವು. ಯಾವ ಪ್ರಮಾಣದಲ್ಲಿ ಕಲಸಿದರೆ ಕೆಲಸ ಮಾಡುತ್ತದೆ ಅಂತ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿಬಿಟ್ಟರು. ಕಳ್ಳರ ಕಾಟಕ್ಕೆ ಮಾಡಿದ ಉಪಾಯ ಹೀಗೆ ಲೋಕಕ್ಕೆಲ್ಲ ಸಿಕ್ಕಿತು. ಯಾವ ಕಂಪನಿಯ ಡಬ್ಬಿಯೂ ಬೇಕಾಗಿಲ್ಲ, ಮೈಲುತುತ್ತ ಮತ್ತು ಸುಣ್ಣ ಸಿಗುವ ಕಡೆಯಲ್ಲೆಲ್ಲ ಮಾಡಿಕೊಳ್ಳಬಹುದು.

ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಬೇರೆಯಾಗಿ ಕರಗಿಸಬೇಕು. ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆಯಾಗಿ ಕಲಸಿ ಸೋಸಬೇಕು. ಆಮೇಲೆ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕದಡುತ್ತಾ ಸುರಿಯಬೇಕು, ಉಲ್ಟಾ ಸುರಿಯಬಾರದು. ಕಬ್ಬಿಣದ ಪಾತ್ರೆ ಕೂಡದು, ಪ್ಲಾಸ್ಟಿಕ್ ಡ್ರಮ್ ಆದೀತು. ಮಾಡಿದ ದಿನವೇ ಹೊಡೆದು ಮುಗಿಸಬೇಕು.

ಕೊನೆಗೆ ಚಾಕು ಪರೀಕ್ಷೆ. ಚೆನ್ನಾಗಿ ಉಜ್ಜಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು-ಕಂದು ಬಣ್ಣ ಕೂತಿದ್ದರೆ ತಾಮ್ರ ಜಾಸ್ತಿ ಉಳಿದಿದೆ ಅಂತ ಅರ್ಥ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಅದ್ದಿ ನೋಡಬೇಕು. ಅಲಗು ಹೊಳೆಯುತ್ತಾ ಹೊರಗೆ ಬಂದರೆ ದ್ರಾವಣ ಸರಿಯಾಗಿದೆ.

ಈ ಸಲಹೆಯೊಳಗೆ ಏನೇನಿದೆ ನೋಡಿ. ಅಳತೆ ಇದೆ. ಕ್ರಮ ಇದೆ. ಹಾಗೆ ಮಾಡದಿದ್ದರೆ ಏನಾಗುತ್ತದೆ ಅನ್ನುವುದಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಾಡಿದ್ದು ಸರಿಯಾಯಿತಾ ಅಂತ ಮಾಡಿದವರೇ ನೋಡಿಕೊಳ್ಳುವ ಪರೀಕ್ಷೆ ಇದೆ. ಸುಣ್ಣ ಎಲ್ಲಾ ಊರಿನಲ್ಲೂ ಒಂದೇ ಥರ ಇರುವುದಿಲ್ಲ. ಹಳೇ ಸುಣ್ಣಕ್ಕೆ ಕಸುವು ಕಡಿಮೆ. ಫ್ರಾನ್ಸಿನ ಸುಣ್ಣದ ಲೆಕ್ಕ ಕೊಡಗಿನ ನಾಪೋಕ್ಲಿನಲ್ಲಿ ತಪ್ಪಬಹುದು. ಚಾಕು ಆ ತಪ್ಪನ್ನು ಹಿಡಿಯುತ್ತದೆ. ಹೇಳಿಕೊಟ್ಟವರು ಪಕ್ಕದಲ್ಲಿ ನಿಂತಿರಬೇಕಾಗಿಲ್ಲ. ನನ್ನ ಲೆಕ್ಕದಲ್ಲಿ, ಯಾರಿಗಾದರೂ ಏನನ್ನಾದರೂ ಹೇಳಿಕೊಡುವ ಮುಂಚೆ 'ಇದರ ಚಾಕು ಪರೀಕ್ಷೆ ಯಾವುದು?' ಅಂತ ಕೇಳಿಕೊಂಡರೆ ಅರ್ಧ ಕೆಲಸ ಆದ ಹಾಗೆ.

ಇದಕ್ಕೆ ಹೋಲಿಸಿದರೆ ಗುಂಪಿನಲ್ಲಿ ಬರುವ ಸಲಹೆ ಹೀಗಿರುತ್ತದೆ: "ಪನ್ನಿಯೂರು ಹಾಕಿ, ಸೂಪರ್ ಫಸಲು." ಪನ್ನಿಯೂರು-1 ಕೇರಳದ ಪನ್ನಿಯೂರು ಸಂಶೋಧನಾ ಕೇಂದ್ರದಿಂದ 1971ರಲ್ಲಿ ಬಂದ ಒಳ್ಳೆಯ ತಳಿಯೇ. ಆದರೆ ಅದಕ್ಕೆ ಬೆಳಕು ಬೇಕು. ದಟ್ಟ ನೆರಳಿನಲ್ಲಿ ಅದರ ಫಸಲು ಸೊರಗುತ್ತದೆ. ಸಲಹೆ ಕೊಟ್ಟವರ ತೋಟ ತೆರೆದ ಜಾಗದಲ್ಲಿ, ಕೇಳಿದವರದ್ದು ಕಾಡಿನಂಥ ನೆರಳಿನಲ್ಲಿ ಇದ್ದರೆ ಇಬ್ಬರೂ ಸುಳ್ಳು ಹೇಳದೆಯೇ ಒಬ್ಬರಿಗೆ ನಷ್ಟ ಆಗುತ್ತದೆ. 'ನಮ್ಮ ತೋಟ ಇಂಥ ಕಡೆ, ನೆರಳು ಇಷ್ಟು, ನೀರಿದೆ ಅಥವಾ ಇಲ್ಲ' ಅಂತ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು.

ಗೊತ್ತಿದ್ದವರು ನುಂಗಿಬಿಡುವ ಮಾತು

ಚೆನ್ನಾಗಿ ಬಲ್ಲವರು ಹೇಳಿಕೊಡುವಾಗ ಒಂದು ವಿಚಿತ್ರ ಆಗುತ್ತದೆ. ತಮಗೆ ಅಭ್ಯಾಸವಾದ ಹೆಜ್ಜೆಗಳನ್ನು ಹೇಳುವುದನ್ನೇ ಮರೆಯುತ್ತಾರೆ. ಮನಶ್ಶಾಸ್ತ್ರದಲ್ಲಿ ಇದನ್ನು 'ತಿಳಿವಳಿಕೆಯ ಶಾಪ' ಅನ್ನುತ್ತಾರೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1990ರಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವವರು ಇದನ್ನು ಪರೀಕ್ಷೆ ಮಾಡಿದರು. ಎಲ್ಲರಿಗೂ ಗೊತ್ತಿರುವ ಹಾಡುಗಳ ತಾಳವನ್ನು ಒಬ್ಬರು ಮೇಜಿನ ಮೇಲೆ ಬೆರಳಿನಲ್ಲಿ ಕುಟ್ಟಬೇಕು, ಇನ್ನೊಬ್ಬರು ಯಾವ ಹಾಡು ಅಂತ ಹೇಳಬೇಕು. ಅರ್ಧದಷ್ಟು ಜನ ಹೇಳಿಯೇ ಹೇಳುತ್ತಾರೆ ಅಂತ ಕುಟ್ಟಿದವರು ಅಂದುಕೊಂಡಿದ್ದರು. 120 ಸಲ ಕುಟ್ಟಿದ್ದರಲ್ಲಿ ಕೇಳಿದವರು ಸರಿಯಾಗಿ ಹೇಳಿದ್ದು 3 ಮಾತ್ರ. ಕುಟ್ಟುವವರ ತಲೆಯಲ್ಲಿ ಇಡೀ ಹಾಡು ಓಡುತ್ತಿರುತ್ತದೆ. ಕೇಳುವವರಿಗೆ ಟಕ್ ಟಕ್ ಅಷ್ಟೇ. ಬೇಕಾದರೆ ಇವತ್ತು ರಾತ್ರಿ ಊಟದ ಮೇಜಿನ ಮೇಲೆ ವಾಲಗದ ಹೊಡೆತ ಕುಟ್ಟಿ, ಮನೆಯಲ್ಲಿ ಯಾರಾದರೂ ಹೇಳುತ್ತಾರಾ ನೋಡಿ.

ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಒಳ್ಳೇ ಉದಾಹರಣೆ ಕಣಿಲೆ, ಅಂದರೆ ಎಳೆ ಬಿದಿರು. ಮಳೆಗಾಲದಲ್ಲಿ ಬೈಂಬಳೆ (ಕಣಿಲೆ) ಸಾರು ಹೇಗೆ ಮಾಡುವುದು ಅಂತ ಕೇಳಿದರೆ ಖಾರ, ತೆಂಗಿನಕಾಯಿ, ಒಗ್ಗರಣೆ ಎಲ್ಲಾ ಹೇಳುತ್ತಾರೆ. ಹೆಚ್ಚಿದ ಕಣಿಲೆಯನ್ನು ಎರಡು-ಮೂರು ದಿನ ನೀರಿನಲ್ಲಿ ನೆನೆಹಾಕಿ, ನೀರು ಬದಲಿಸಿ, ಆಮೇಲೆ ಬೇಯಿಸಬೇಕು ಅನ್ನುವುದನ್ನು ಹೇಳುವುದಿಲ್ಲ. ಅವರ ಮನೆಯಲ್ಲಿ ನೆನೆಹಾಕಿದ ಮೇಲೆಯೇ ಅದಕ್ಕೆ ಕಣಿಲೆ ಅನ್ನುವ ಮರ್ಯಾದೆ. ಆದರೆ ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ನೆನೆಹಾಕುವುದು, ಬೇಯಿಸುವುದು ಅದನ್ನು ತೆಗೆಯಲಿಕ್ಕೆ. ಬಿಟ್ಟುಹೋದ ಆ ಒಂದು ಸಾಲಿನಿಂದ ಹೊರಗಿನವರು ಹೊಟ್ಟೆ ಕೆಡಿಸಿಕೊಂಡಾರು.

ಏಣಿಯ ವಿಷಯವೂ ಹಾಗೇ. ಬಿದಿರಿನ ಏಣಿ ಹೋಗಿ ಅಲ್ಯೂಮಿನಿಯಂ ಏಣಿ ಬಂತು. ಹಗುರ, ಗಟ್ಟಿ. ತೋಟದ ಮೇಲೆ ಹಾದುಹೋದ ಕರೆಂಟ್ ತಂತಿಗೆ ಏಣಿ ತಗುಲಿ ಕಾರ್ಮಿಕರು ಸತ್ತ ಸುದ್ದಿ ಕೊಡಗಿನಲ್ಲಿ ಮತ್ತೆ ಮತ್ತೆ ಬಂದಿದೆ. ಅಲ್ಯೂಮಿನಿಯಂನಲ್ಲಿ ಕರೆಂಟ್ ಹರಿಯುತ್ತದೆ ಅನ್ನುವುದು 'ಎಲ್ಲರಿಗೂ ಗೊತ್ತು' ಅಲ್ವಾ? ಹೊರ ರಾಜ್ಯದಿಂದ ನಿನ್ನೆ ಬಂದು ಇವತ್ತು ಏಣಿ ಹಿಡಿದವರಿಗೆ ತಂತಿ ಎಲ್ಲಿದೆ ಅಂತ ಯಾರು ಹೇಳಿದ್ದಾರೆ?

ಮರೆತ ಹೆಜ್ಜೆಯನ್ನು ಹಿಡಿಯಲು ಸುಲಭದ ಉಪಾಯ ಇದೆ. ಆ ಕೆಲಸ ಒಮ್ಮೆಯೂ ಮಾಡದವರಿಗೆ ಹೇಳಿ, ನೀವು ಹೇಳಿದಷ್ಟನ್ನೇ ಅವರು ಮಾಡುವುದನ್ನು ಬಾಯಿ ಮುಚ್ಚಿಕೊಂಡು ನೋಡಿ. ಎಲ್ಲಿ ನಿಮಗೆ "ಅಯ್ಯೋ ಹಾಗಲ್ಲ" ಅನ್ನಬೇಕು ಅನ್ನಿಸುತ್ತದೋ ಅಲ್ಲೇ ಒಂದು ಸಾಲು ಬಿಟ್ಟುಹೋಗಿದೆ.

ಮಳೆ ಪುಸ್ತಕ

ಕೊಡಗಿನಲ್ಲಿ ಯಾರೂ ಹೇಳದೆಯೇ ನಡೆಯುತ್ತಿರುವ ಒಂದು ಹಂಚಿಕೆ ಇದೆ. ಹೂಮಳೆಯ ಸಮಯದಲ್ಲಿ, ಅಂದರೆ ಫೆಬ್ರವರಿ-ಮಾರ್ಚ್‌ನಲ್ಲಿ, ಸಂಜೆ ಗುಡುಗಿದರೆ ಸಾಕು. "ನಿಮ್ಮಲ್ಲಿ ಎಷ್ಟು?" "ನಮ್ಮಲ್ಲಿ ಎಪ್ಪತ್ತು ಸೆಂಟ್." (ಸೆಂಟ್ ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು.) ಬಹಳಷ್ಟು ತೋಟಗಳಲ್ಲಿ ಮಳೆ ಮಾಪಕ ಇದೆ. ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದಿಂದ ಮಳೆ ಬರೆದಿಟ್ಟ ಪುಸ್ತಕ ಇದೆ.

ಈ ಲೆಕ್ಕ ಯಾಕೆ ಅಷ್ಟು ಮುಖ್ಯ? ರೋಬಸ್ಟಾ ಹೂವು ಚೆನ್ನಾಗಿ ಅರಳಲು ಸುಮಾರು ಒಂದು ಇಂಚು ಮಳೆ ಬೇಕು. ಮಳೆ ಬಿದ್ದು ಒಂದು ವಾರ, ಹತ್ತು ದಿನದೊಳಗೆ ತೋಟ ಬೆಳ್ಳಗಾಗುತ್ತದೆ. ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ, ತೋಟದವರು ಬ್ಯಾಕಿಂಗ್ ಅನ್ನುವುದು, ಬೇಕು. ಅರ್ಧ ಮಳೆ ಬಂದು ನಿಂತರೆ ಸ್ಪ್ರಿಂಕ್ಲರ್ ಹಾಕಬೇಕಾ, ಕಾಯಬೇಕಾ ಅನ್ನುವುದು ಆ ರಾತ್ರಿಯ ದೊಡ್ಡ ಪ್ರಶ್ನೆ. ಕೊಡಗಿನ ಮಳೆ ಗುಡ್ಡಕ್ಕೊಂದು ಥರ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಹೋಲಿಕೆಯೇ ಇಲ್ಲ. ಹಾಗಾಗಿ ಪಕ್ಕದ ಗುಡ್ಡದವರ ಅಂಕಿಗೂ ಬೆಲೆ ಇದೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಈ ಅಂಕಿಗಳನ್ನು ನೋಡುವ ರೀತಿಯೇ ಬದಲಾಯಿತು. 2019ರಲ್ಲಿ ಮತ್ತೆ ಕುಸಿಯಿತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಕುಸಿಯಿತು. ಸರ್ಕಾರದ ವಿಪತ್ತು ಉಸ್ತುವಾರಿ ಕೇಂದ್ರದ ಮಾಪಕಗಳು ಪಂಚಾಯಿತಿ ಮಟ್ಟದಲ್ಲಿವೆ. ಅವುಗಳ ನಡುವಿನ ಗುಡ್ಡದಲ್ಲಿ ಎಷ್ಟು ಸುರಿಯಿತು ಅನ್ನುವುದು ಮಾತ್ರ ತೋಟದ ಪುಸ್ತಕದಲ್ಲಿರುತ್ತದೆ.

ಹಂಚುವಾಗ ಕೆಡುವುದು ಸಣ್ಣ ಸಣ್ಣ ಕಾರಣಕ್ಕೆ. "ನಮ್ಮಲ್ಲಿ 2.10" ಅಂತ ಬರೆದರೆ ಅದು ಇಂಚೋ ಸೆಂಟಿಮೀಟರೋ? 100 ಸೆಂಟ್ ಅಂದರೆ ಒಂದು ಇಂಚು, 25.4 ಮಿಲಿಮೀಟರ್. 2.10 ಇಂಚು ಆದರೆ 53 ಮಿ.ಮೀ. ದಾಟಿತು, ಸೆಂಟಿಮೀಟರ್ ಆದರೆ 21 ಮಾತ್ರ. ಹವಾಮಾನ ಇಲಾಖೆ ಬೆಳಗ್ಗೆ 8.30ಕ್ಕೆ ಅಳೆಯುತ್ತದೆ, ಹಿಂದಿನ 24 ಗಂಟೆಯ ಲೆಕ್ಕ ಅದು. ಸಂಜೆ ಅಳೆದರೆ ಸಂಜೆ ಅಂತ ಬರೆಯಬೇಕು. ಮಾಪಕ ಮರದ ಕೆಳಗಿದ್ದರೆ ಲೆಕ್ಕ ಹಾಳು. ಹತ್ತಿರದ ಮರ ಅಥವಾ ಮನೆಯ ಎತ್ತರದ ಎರಡರಷ್ಟಾದರೂ ದೂರದಲ್ಲಿ ಬಯಲಲ್ಲಿ ಇರಬೇಕು. ಇನ್ನೊಂದು, ಮಳೆ ಬಾರದ ದಿನ 0 ಅಂತ ಬರೆಯಬೇಕು. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಅಳೆಯುವವರು ಮದುವೆಗೆ ಹೋಗಿದ್ದರೋ, ಇಪ್ಪತ್ತು ವರ್ಷದ ನಂತರ ಯಾರಿಗೆ ಗೊತ್ತಾಗುತ್ತದೆ?

ಕಾನೂನು ಏನನ್ನುತ್ತದೆ?

"ನಾನು ಕಂಡುಹಿಡಿದದ್ದನ್ನು ಹೇಳಿದರೆ ಬೇರೆಯವರು ಪೇಟೆಂಟ್ ಮಾಡಿಕೊಂಡರೆ?" ಅಂತ ಕೇಳುವವರಿದ್ದಾರೆ. ಪೇಟೆಂಟ್ ಅಂದರೆ ಹೊಸ ಆವಿಷ್ಕಾರದ ಮೇಲೆ 20 ವರ್ಷದ ಒಡೆತನ. ಭಾರತದ 1970ರ ಪೇಟೆಂಟ್ ಕಾಯ್ದೆಯಲ್ಲಿ ಬೇಸಾಯದ ಮತ್ತು ತೋಟಗಾರಿಕೆಯ ವಿಧಾನಗಳಿಗೆ ಪೇಟೆಂಟ್ ಇಲ್ಲ. ಚಿಗುರು ತೆಗೆಯುವ ಕ್ರಮಕ್ಕೋ ಬಳ್ಳಿ ಕಟ್ಟುವ ಕ್ರಮಕ್ಕೋ ಯಾರೂ ಬೀಗ ಹಾಕಲು ಆಗುವುದಿಲ್ಲ. ಸಾಂಪ್ರದಾಯಿಕ ತಿಳಿವಳಿಕೆಗೂ ಪೇಟೆಂಟ್ ಇಲ್ಲ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ದರು. ಇದು ನಮ್ಮಲ್ಲಿ ಹಳೇ ವಿಷಯ ಅಂತ ಭಾರತದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ದಾಖಲೆ ತೋರಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಬರೆದಿಟ್ಟದ್ದು ಇದ್ದದ್ದರಿಂದ ಗೆದ್ದರು. ಮೊದಲೇ ಎಲ್ಲರೆದುರು ಪ್ರಕಟವಾದದ್ದನ್ನು ಆಮೇಲೆ 'ನನ್ನ ಹೊಸ ಆವಿಷ್ಕಾರ' ಅನ್ನುವುದು ಕಷ್ಟ.

ಕೃತಿಸ್ವಾಮ್ಯ, ಅಂದರೆ ಕಾಪಿರೈಟ್, ಬೇರೆ. ಅದು ವಿಧಾನಕ್ಕಲ್ಲ, ನೀವು ಬರೆದ ಬರಹಕ್ಕೆ, ತೆಗೆದ ಫೋಟೊಗೆ, ವಿಡಿಯೊಗೆ. ಮಾಡಿದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ. ಬರಹಕ್ಕಾದರೆ ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಇದರಲ್ಲಿ ಒಂದು ತಮಾಷೆ ಇದೆ. ನೀವು ಉಚಿತವಾಗಿ ಕೊಡಬೇಕು ಅಂದುಕೊಂಡಿದ್ದರೂ, ಹಾಗಂತ ಹೇಳದಿದ್ದರೆ ಕಾನೂನಿನ ಪ್ರಕಾರ ಬೇರೆಯವರು ಅದನ್ನು ಅಚ್ಚು ಮಾಡಿ ಹಂಚುವಂತಿಲ್ಲ.

ಹೇಳುವುದಕ್ಕೆ ಸಿದ್ಧ ಪರವಾನಗಿಗಳಿವೆ, ಕ್ರಿಯೇಟಿವ್ ಕಾಮನ್ಸ್ ಅಂತ. 2002ರಿಂದ ಇವೆ. 'ಬಿವೈ' ಅಂದರೆ ನನ್ನ ಹೆಸರು ಹೇಳಿ ಏನು ಬೇಕಾದರೂ ಮಾಡಿಕೊಳ್ಳಿ. ಜೊತೆಗೆ 'ಎಸ್‌ಎ' ಇದ್ದರೆ, ನೀವು ತಿದ್ದಿ ಮಾಡಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಬೇಕು. 'ಎನ್‌ಸಿ' ಅಂದರೆ ವ್ಯಾಪಾರಕ್ಕೆ ಬಳಸಬಾರದು. 'ಎನ್‌ಡಿ' ಅಂದರೆ ಬದಲಾಯಿಸಿ ಹಂಚಬಾರದು. ನಿಮ್ಮ ಬರಹದ ಕೆಳಗೆ 'ಕ್ರಿಯೇಟಿವ್ ಕಾಮನ್ಸ್ ಬಿವೈ 4.0' ಅಂತ ಒಂದು ಸಾಲು ಹಾಕಿದರೆ ಆಯಿತು. ಎನ್‌ಡಿ ಹಾಕುವ ಮುಂಚೆ ಸ್ವಲ್ಪ ಯೋಚಿಸಿ. ಅದನ್ನು ಕೊಡವ ತಕ್ಕಿಗೋ ಅರೆಭಾಷೆಗೋ ಹಿಂದಿಗೋ ಅನುವಾದಿಸಿ ಹಂಚಲಿಕ್ಕೂ ನಿಮ್ಮ ಅನುಮತಿ ಬೇಕಾಗುತ್ತದೆ.

ಬೀಜ, ಬಳ್ಳಿ ಕೊಡುವುದಕ್ಕೂ ಕಾನೂನಿನ ಬೆಂಬಲ ಇದೆ. ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯಲ್ಲಿ, ಸ್ವಂತ ಫಸಲಿನ ಬೀಜವನ್ನು ಉಳಿಸಿಕೊಳ್ಳಲು, ಬಿತ್ತಲು, ಅದಲುಬದಲು ಮಾಡಲು, ಮಾರಲೂ ರೈತರಿಗೆ ಹಕ್ಕಿದೆ. ರಕ್ಷಣೆ ಪಡೆದ ತಳಿಯನ್ನು ಬ್ರ್ಯಾಂಡ್ ಹೆಸರಿನಲ್ಲಿ ಪ್ಯಾಕ್ ಮಾಡಿ ಮಾರುವಂತಿಲ್ಲ, ಅಷ್ಟೇ.

ಎಲ್ಲಿ ಕೈ ತಡೆಯಬೇಕು

ಬಳ್ಳಿ ಕೊಡುವಾಗ ಬಳ್ಳಿಯೊಂದೇ ಹೋಗುವುದಿಲ್ಲ. ಮೆಣಸಿನ ಬಳ್ಳಿಯ ವೈರಸ್ ರೋಗ, ಬೇರಿನ ಜಂತುಹುಳು, ಸೊರಗು ರೋಗದ ಶಿಲೀಂಧ್ರ, ಮೂರೂ ನಾಟಿ ಸಾಮಗ್ರಿಯ ಜೊತೆ ಪ್ರಯಾಣ ಮಾಡುತ್ತವೆ. ಏಲಕ್ಕಿಯ ಕಟ್ಟೆ ರೋಗವೂ ಹಾಗೇ ಹರಡುತ್ತದೆ. ಪ್ರೀತಿಯಿಂದ ಕೊಟ್ಟ ಬಳ್ಳಿ ಅವರ ತೋಟಕ್ಕೆ ರೋಗ ಒಯ್ದರೆ ಆ ಪ್ರೀತಿ ಹೆಚ್ಚು ದಿನ ಉಳಿಯುವುದಿಲ್ಲ. ಆರೋಗ್ಯವಾದ ಬಳ್ಳಿಯಿಂದ ಮಾತ್ರ ಕೊಡಿ, ಅನುಮಾನ ಇದ್ದರೆ ಇಲ್ಲ ಅನ್ನಿ.

ಅಣಬೆಯ ಫೋಟೊ ಕಳಿಸಿ "ತಿನ್ನಬಹುದಾ?" ಅಂತ ಕೇಳಿದರೆ ಉತ್ತರ ಕೊಡಬೇಡಿ. ಮಳೆಗಾಲದಲ್ಲಿ ಕುಮ್ಮು (ಅಣಬೆ) ಹೆಕ್ಕುವವರು ಬುಡ, ವಾಸನೆ, ಬೆಳೆದ ಜಾಗ ಎಲ್ಲಾ ನೋಡುತ್ತಾರೆ. ಫೋಟೊದಲ್ಲಿ ಅದು ಯಾವುದೂ ಬರುವುದಿಲ್ಲ. ಮದ್ದಿನ ವಿಷಯಕ್ಕೂ ಇದೇ ಮಾತು.

ತಿಳಿವಳಿಕೆ ಕೊಡುವುದು ಬೇರೆ, ಕೆಲಸ ಮಾಡಿಕೊಡುವುದು ಬೇರೆ. ಇದನ್ನು ಕಲಸಿಬಿಡುವವರು ಜಾಸ್ತಿ. ಮರ ಕಪಾತಿನವರು ನಿಮಗೆ ಕೊಂಬೆ ಎಲ್ಲಿ ಕಡಿಯಬೇಕು ಅಂತ ಸುಮ್ನೆ ಹೇಳಿಕೊಟ್ಟಾರು. ಹಾಗಂತ ಮರ ಹತ್ತಿ ಕಡಿದದ್ದಕ್ಕೆ ಕೂಲಿ ಕಡಿಮೆ ಮಾಡುವ ಹಾಗಿಲ್ಲ. ಅದು ಅವರ ಅನ್ನ.

ಇನ್ನು, ಎಲ್ಲಾ ತಿಳಿವಳಿಕೆಯೂ ಹೇಳುವವರದ್ದೇ ಆಗಿರುವುದಿಲ್ಲ. ಹೆಜ್ಜೇನು ಇಳಿಸುವ ಜೇನುಕುರುಬರ ಕ್ರಮ, ಯರವರಿಗೆ ಗೊತ್ತಿರುವ ಸೊಪ್ಪು-ಗೆಡ್ಡೆ, ಇವೆಲ್ಲ ಆ ಸಮುದಾಯಗಳ ಸ್ವತ್ತು. ಅವರನ್ನು ಕೇಳದೆ ವಿಡಿಯೊ ಮಾಡಿ ಹಂಚಿದರೆ ಅದು ಉದಾರತೆ ಅನ್ನಿಸಿಕೊಳ್ಳುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಮಿತಿಗಳು ಇಂಥ ತಿಳಿವಳಿಕೆಯನ್ನು ಜನರ ಜೊತೆ ಕೂತು ದಾಖಲು ಮಾಡಬೇಕು.

ಎಲ್ಲಿ ಇಟ್ಟರೆ ಉಳಿಯುತ್ತದೆ?

ವಾಟ್ಸಾಪಿನಲ್ಲಿ ಹೇಳಿದ್ದು ಆ ವಾರದ ಮಟ್ಟಿಗೆ. ಮುಂದಿನ ವರ್ಷ ಅದೇ ಪ್ರಶ್ನೆ ಬಂದಾಗ ಹಳೇ ಉತ್ತರ ಹುಡುಕಿದರೆ ಸಿಗುವುದಿಲ್ಲ. ಉಳಿಯಬೇಕಾದರೆ ಬರಹಕ್ಕೆ ಒಂದು ನೆಲೆ ಬೇಕು. ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನ ಕೊಡವ ಹಾಡುಗಳನ್ನು ಕೇಳಿ ಕನ್ನಡ ಲಿಪಿಯಲ್ಲಿ ಬರೆದು 1924ರಲ್ಲಿ 'ಪಟ್ಟೋಲೆ ಪಳಮೆ' ಅಂತ ಅಚ್ಚು ಹಾಕಿಸಿದರು. ಆ ಹಾಡುಗಾರರು ಈಗ ಯಾರೂ ಇಲ್ಲ. ಹಾಡುಗಳು ಇವೆ. ಚಿಣ್ಣಪ್ಪನವರು ತೀರಿಕೊಂಡದ್ದು 1931ರಲ್ಲಿ, ಹಾಗಾಗಿ ಮೂಲ ಪುಸ್ತಕವನ್ನು ಈಗ ಯಾರು ಬೇಕಾದರೂ ಮರುಮುದ್ರಣ ಮಾಡಬಹುದು.

ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು. ಆದರೆ ಒಂದು ನಿಯಮ ತುಂಬಾ ಜನರಿಗೆ ಗೊತ್ತಿಲ್ಲ: ಸ್ವಂತ ಅನುಭವವನ್ನು ಅಲ್ಲಿ ಹಾಕುವಂತಿಲ್ಲ. ಬೇರೆ ಕಡೆ ಪ್ರಕಟವಾದದ್ದನ್ನು ಆಧಾರ ಕೊಟ್ಟು ಬರೆಯಬೇಕು. 'ನಮ್ಮ ತೋಟದಲ್ಲಿ ಹೀಗಾಯಿತು' ಅನ್ನುವುದಕ್ಕೆ ಅದು ಜಾಗ ಅಲ್ಲ. ಫೋಟೊ, ವಿಡಿಯೊಗೆ ಅದರ ಸೋದರ ತಾಣ ವಿಕಿಮೀಡಿಯ ಕಾಮನ್ಸ್ ಇದೆ. ನೀವೇ ತೆಗೆದ ಬೋರರ್ ಏಣಿನ ಚಿತ್ರ, ಚಿಗುರು ತೆಗೆಯುವ ವಿಡಿಯೊ ಅಲ್ಲಿ ಹಾಕಿದರೆ ಯಾರು ಬೇಕಾದರೂ ಬಳಸಬಹುದು.

ತೋಟದ ಅನುಭವವನ್ನು ಪರೀಕ್ಷೆ ಮಾಡಿ ನೋಡಬಲ್ಲವರು ಜಿಲ್ಲೆಯಲ್ಲೇ ಇದ್ದಾರೆ. ಕಾಫಿಗೆ ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ ಇದೆ. ಹಣ್ಣಿನ ಬೆಳೆಗಳಿಗೆ ಅದೇ ಊರಿನಲ್ಲಿ ತೋಟಗಾರಿಕಾ ಪ್ರಯೋಗ ಕೇಂದ್ರ. ಮೆಣಸು, ಏಲಕ್ಕಿಗೆ ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರ. ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು. ಒಳ್ಳೇ ಫಸಲು ಕೊಡುವ, ರೋಗ ತಡೆದುಕೊಂಡು ನಿಂತ ಬಳ್ಳಿಯೊಂದು ನಿಮ್ಮ ತೋಟದಲ್ಲಿದ್ದರೆ ಅದನ್ನು ಇಂಥವರಿಗೆ ತೋರಿಸುವುದೂ ಹಂಚಿಕೆಯೇ.

ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗದಿದ್ದರೆ ಮನೆಯ ಮಳೆ ಪುಸ್ತಕ ತೆಗೆಯಿರಿ. ಪುಟಗಳನ್ನು ಹಗಲು ಬೆಳಕಿನಲ್ಲಿ, ನೆರಳು ಬೀಳದ ಹಾಗೆ, ಮೊಬೈಲ್‌ನಲ್ಲಿ ಒಂದೊಂದಾಗಿ ಫೋಟೊ ತೆಗೆಯಿರಿ. ಗೆದ್ದಲು ಹಿಡಿದ, ಶಾಯಿ ಮಾಸಿದ ಪುಟಗಳು ಮೊದಲು. ಮೊದಲ ಫೋಟೊಗೆ ಮುಂಚೆ ಒಂದು ಬಿಳಿ ಹಾಳೆಯ ಮೇಲೆ ಊರು, ತೋಟದ ಎತ್ತರ, ಮಾಪಕ ಎಲ್ಲಿತ್ತು, ಇಂಚೋ ಮಿಲಿಮೀಟರೋ, ಎಷ್ಟು ಗಂಟೆಗೆ ಅಳೆಯುತ್ತಿದ್ದರು, ಯಾವ ವರ್ಷ ಮಾಪಕ ಜಾಗ ಬದಲಾಯಿಸಿತು ಅಂತ ಬರೆದು ಅದರದೂ ಒಂದು ಫೋಟೊ ತೆಗೆಯಿರಿ. ಇದಕ್ಕೆಲ್ಲ ಉತ್ತರ ಗೊತ್ತಿರುವವರು ಮನೆಯಲ್ಲಿ ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಹಾಳೆಯನ್ನು ಮೊದಲು ತುಂಬಿಸಿ.